ಹುಲ್ಲು ಹದಕ್ಕೆ ಬಂದರೆ ಅಣಬೆ ಕೈಗೆ ಬಂತು
ಭೀಮಿಲಿಯ ಕಡಲಬದಿಯಲ್ಲಿ ಮನೆಯ ಅಣಬೆ ಬೆಡ್: ಹೊಸಬರಿಗೊಂದು ಕೈಪಿಡಿ

ಅಣಬೆ ಬೆಳೆಸಲು ಹೊರಟವರು ಮೊದಲು ವಿಚಾರಿಸುವುದು ಬೀಜವನ್ನು. ಎಲ್ಲಿ ಸಿಗುತ್ತದೆ, ಕಿಲೋಗೆ ಎಷ್ಟು, ಕೊರಿಯರ್‌ನಲ್ಲಿ ತರಿಸಿದರೆ ಕೆಡುವುದಿಲ್ಲವೇ? ಹುಲ್ಲಿನ ವಿಚಾರ ಯಾರೂ ಎತ್ತುವುದಿಲ್ಲ. ಹುಲ್ಲು ತಾನೇ, ಎಲ್ಲಾದರೂ ಸಿಕ್ಕೀತು ಎಂಬ ಸಸಾರ. ಆದರೆ ಬೀಜ ತಯಾರಾಗುವುದು ಪ್ರಯೋಗಾಲಯದಲ್ಲಿ. ಅದನ್ನು ಒಳ್ಳೆಯ ಜಾಗದಿಂದ ತಾಜಾ ಇರುವಾಗ ತಂದರೆ ನಮ್ಮ ಕೆಲಸ ಮುಗಿಯಿತು. ಉಳಿದದ್ದೆಲ್ಲ ಹುಲ್ಲಿನದು. ಹೊಸಬರ ಬೆಡ್, ಅಂದರೆ ಅಣಬೆ ಬೆಳೆಯುವ ಹುಲ್ಲಿನ ಚೀಲ, ಹಾಳಾಗುವುದು ಬಹುಪಾಲು ಎರಡೇ ಕಾರಣಕ್ಕೆ: ಹುಲ್ಲಿನಲ್ಲಿ ನೀರು ಹೆಚ್ಚಾಗಿರುತ್ತದೆ, ಇಲ್ಲವೇ ಅದಕ್ಕೆ ಬಿಸಿ ಸರಿಯಾಗಿ ತಾಗಿರುವುದಿಲ್ಲ. ಇವೆರಡನ್ನು ಹಿಡಿತಕ್ಕೆ ತಂದುಕೊಂಡವರಿಗೆ ಶೆಡ್ಡು, ಹ್ಯುಮಿಡಿಫೈಯರ್, ಮಂಜಿನ ಪಂಪು ಯಾವುದೂ ಮೊದಲ ವರ್ಷಕ್ಕೆ ಬೇಕಾಗಿಲ್ಲ.

ಈ ಲೇಖನಕ್ಕೆ ನೆಲೆ ಭೀಮುನಿಪಟ್ಟಣ. ವಿಶಾಖಪಟ್ಟಣದಿಂದ ಕಡಲ ದಂಡೆ ಹಿಡಿದು ಉತ್ತರಕ್ಕೆ ಹೋದರೆ, ಗೋಸ್ತನಿ ನದಿ ಸಮುದ್ರ ಸೇರುವಲ್ಲಿ ಸಿಗುವ ಹಳೆಯ ಬಂದರು ಊರು. ಡಚ್ಚರ ಗೋರಿಗಳು ಇನ್ನೂ ಅಲ್ಲಿವೆ. 1861ರಷ್ಟು ಹಿಂದೆಯೇ ಪುರಸಭೆ ಕಂಡ ಊರಿದು. ಜನರ ಬಾಯಲ್ಲಿ ಭೀಮಿಲಿ. ನೌಕಾಪಡೆ, ಉಕ್ಕಿನ ಕಾರ್ಖಾನೆ, ಬಂದರು ಎಂದು ಕೆಲಸಕ್ಕೆ ಬಂದು ವಿಶಾಖಪಟ್ಟಣದ ಸುತ್ತ ನೆಲೆಯಾದ ಕನ್ನಡದ ಮನೆಗಳಿಗೂ, ಇದೇ ಥರದ ಹವೆಯಲ್ಲಿ ಬದುಕುವ ಮಂಗಳೂರು, ಕುಂದಾಪುರ, ಕಾರವಾರ, ಕಾಸರಗೋಡಿನವರಿಗೂ ಇಲ್ಲಿ ಹೇಳುವುದು ಹೆಚ್ಚೂಕಡಿಮೆ ಒಂದೇ ಲೆಕ್ಕ. ಒಳನಾಡಿನ ವಿಜಯವಾಡದ ಕತೆ ಬೇರೆ. ಏಪ್ರಿಲ್–ಮೇ ತಿಂಗಳಲ್ಲಿ ಅಲ್ಲಿ ಪಾದರಸ 40 ಡಿಗ್ರಿ ದಾಟುತ್ತದೆ. ರಾಯಚೂರು, ಬಳ್ಳಾರಿಯವರು ತಮ್ಮನ್ನು ಅದಕ್ಕೆ ಹೋಲಿಸಿಕೊಳ್ಳಬಹುದು.

ಮೈಸೂರಿನಿಂದ ಶುರುವಾದದ್ದು

ಭತ್ತದ ಹುಲ್ಲಿನ ಮೇಲೆ ಚಿಪ್ಪಣಬೆ ಬೆಳೆಸುವ ವಿದ್ಯೆ ಭಾರತಕ್ಕೆ ಬಂದದ್ದರಲ್ಲಿ ಕನ್ನಡ ನಾಡಿನ ಪಾಲು ದೊಡ್ಡದು. ಜರ್ಮನಿಯಲ್ಲಿ ಫಾಲ್ಕ್ ಎಂಬ ವಿಜ್ಞಾನಿ ಚಿಪ್ಪಣಬೆಯನ್ನು ಮರದ ಕೊರಡಿನ ಮೇಲೆ ಬೆಳೆಸಿ ತೋರಿಸಿದ್ದು 1917ರಲ್ಲಿ. ನಮ್ಮಲ್ಲಿ ಕೊರಡು ಎಲ್ಲಿಂದ ತರೋಣ? ಮೈಸೂರಿನ ಚೆಲುವಾಂಬಾ ಮಹಲಿನಲ್ಲಿರುವ ಕೇಂದ್ರ ಆಹಾರ ತಂತ್ರಜ್ಞಾನ ಸಂಶೋಧನಾಲಯದ, ಅಂದರೆ ಸಿಎಫ್‌ಟಿಆರ್‌ಐನ, ಜಾಕಿಯಾ ಬಾನೊ ಮತ್ತು ಶ್ರೀವಾಸ್ತವ ಅವರು 1962ರಲ್ಲಿ ಇದೇ ಅಣಬೆಯ ಒಂದು ಬಗೆಯನ್ನು ಭತ್ತದ ಹುಲ್ಲಿನ ಮೇಲೆ ಬೆಳೆಸುವ ಕ್ರಮವನ್ನು ಪ್ರಕಟಿಸಿದರು. ಇಂದು ದೇಶದ ತುಂಬ ತೂಗುಬಿದ್ದ ಪ್ಲಾಸ್ಟಿಕ್ ಚೀಲಗಳ ವಂಶಾವಳಿ ಹುಡುಕಿದರೆ ಅಲ್ಲಿಗೇ ಹೋಗಿ ಮುಟ್ಟುತ್ತದೆ. ಬಟನ್ ಅಣಬೆಗೆ ವಾರಗಟ್ಟಲೆ ಕೊಳೆಸಿ ಮಗುಚಿ ತಯಾರಿಸಿದ ಕಾಂಪೋಸ್ಟ್ ಬೇಕು, ತಂಪು ಕೋಣೆ ಬೇಕು. ಚಿಪ್ಪಣಬೆಗೆ ಅದೇನೂ ಬೇಡ. ಸತ್ತ ಮರವನ್ನು ತಿಂದು ಬದುಕುವ ಜಾತಿ ಅದು. ಹುಲ್ಲಿನಲ್ಲಿರುವ ನಾರು, ಮರದಂಶ ಎರಡನ್ನೂ ನೇರವಾಗಿ ಜೀರ್ಣಿಸಿಕೊಳ್ಳುತ್ತದೆ. ಹೊಸಬರು ಇದರಿಂದಲೇ ಶುರು ಮಾಡಲಿ ಎಂದು ಎಲ್ಲರೂ ಹೇಳುವುದು ಈ ಕಾರಣಕ್ಕೆ.

ಮೊದಲು ತಿಂಗಳು ನೋಡಿ, ಆಮೇಲೆ ಬೀಜ

ಭೀಮಿಲಿಯಲ್ಲಿ ನವೆಂಬರಿನಿಂದ ಫೆಬ್ರುವರಿವರೆಗೆ ಹವೆ ಹಿತ. ಹಗಲು 28–30 ಡಿಗ್ರಿ, ರಾತ್ರಿ 20ರ ಆಸುಪಾಸು. ಈ ನಾಲ್ಕು ತಿಂಗಳು ಚಿಪ್ಪಣಬೆಗೆ. ಅದರಲ್ಲೂ ಸಾಜರ್ ಕಾಜು ಎಂಬ ಬೂದು ಬಣ್ಣದ ಬಗೆ 22ರಿಂದ 28 ಡಿಗ್ರಿಯಲ್ಲಿ ಚೆನ್ನಾಗಿ ಬರುತ್ತದೆ. ಬಿಳಿಯ ಫ್ಲೋರಿಡಾ ಇನ್ನೂ ಸ್ವಲ್ಪ ತಂಪು ಬಯಸುತ್ತದೆ, ಡಿಸೆಂಬರ್–ಜನವರಿಗೆ ಇಟ್ಟುಕೊಳ್ಳಿ.

ಮಾರ್ಚ್ ಕಳೆದ ಮೇಲೆ ಚಿಪ್ಪಣಬೆಯ ಬೀಜ ತಂದು ಗೋಳಾಡುವ ಬದಲು ಹಾಲು ಅಣಬೆಗೆ ಹೊರಳುವುದು ಜಾಣತನ. ದಪ್ಪ ಕಾಂಡದ, ಅಚ್ಚ ಬಿಳಿಯ ಈ ಮಿಲ್ಕಿ ಅಣಬೆ ಭಾರತದ್ದೇ. ಪಶ್ಚಿಮ ಬಂಗಾಳದಲ್ಲಿ ಸಿಕ್ಕಿದ್ದನ್ನು 1974ರಲ್ಲಿ ವಿಜ್ಞಾನಿಗಳು ಗುರುತಿಸಿ ಹೆಸರಿಟ್ಟರು. ವಾಣಿಜ್ಯ ಬೆಳೆಯಾಗಿ ಅದನ್ನು ಹರಡಿದ ಶ್ರೇಯ ತಮಿಳುನಾಡು ಕೃಷಿ ವಿಶ್ವವಿದ್ಯಾಲಯಕ್ಕೆ. 30ರಿಂದ 35 ಡಿಗ್ರಿ ಸೆಕೆ ಇದಕ್ಕೆ ಸಲೀಸು. ಭೀಮಿಲಿಯ ಬೇಸಿಗೆಯ ಜಿಗುಟು ಸೆಕೆ ನಮಗೆ ಹಿಂಸೆಯಾದರೂ ಈ ಅಣಬೆಗೆ ಹೇಳಿ ಮಾಡಿಸಿದ್ದು. ಮೂರನೆಯದು ಭತ್ತದ ಹುಲ್ಲಿನ ಅಣಬೆ. ಪಕ್ಕದ ಒಡಿಶಾದಲ್ಲಿ ಅದರ ರುಚಿಗೆ ಮನಸೋತವರು ಬಹಳ. ಆದರೆ ಕೊಯ್ದ ಮಾರನೆಯ ದಿನಕ್ಕೆ ಅದು ಉಳಿಯುವುದಿಲ್ಲ. ಅದರ ಬೀಜವನ್ನು ಫ್ರಿಜ್ಜಿನಲ್ಲಿಟ್ಟರೆ ಸತ್ತೇ ಹೋಗುತ್ತದೆ, ಉಳಿದ ಅಣಬೆ ಬೀಜಗಳ ಹಾಗಲ್ಲ. ಕೈ ಪಳಗಿದ ಮೇಲೆ ಅದರ ತಂಟೆಗೆ ಹೋದರಾಯಿತು.

ಚಿಪ್ಪಣಬೆಗಾದರೂ ಹಾಲು ಅಣಬೆಗಾದರೂ ಹುಲ್ಲನ್ನು ಹದಮಾಡುವ ಕ್ರಮ ಒಂದೇ. ಹಾಗಾಗಿ ಒಮ್ಮೆ ಕಲಿತರೆ ವರ್ಷದ ಎರಡೂ ಹೊತ್ತಿಗೆ ಬರುತ್ತದೆ.

ಎಂಥ ಹುಲ್ಲು?

ಚಿನ್ನದ ಹಳದಿ ಬಣ್ಣದ್ದು, ಮುರಿದರೆ ಟಪ್ಪೆನ್ನುವುದು, ಮೂಗಿಗೆ ಹಿಡಿದರೆ ಒಣಹುಲ್ಲಿನದೇ ವಾಸನೆ ಇರುವುದು. ಬೂದಾಗಿದ್ದರೆ, ಕಪ್ಪು ಚುಕ್ಕೆ ಕಂಡರೆ, ಮುಗ್ಗಲು ಹೊಡೆಯುತ್ತಿದ್ದರೆ ಪುಕ್ಕಟೆ ಕೊಟ್ಟರೂ ಬೇಡ. ಅಂಥ ಹುಲ್ಲಿನಲ್ಲಿ ಬೇರೆ ಬೂಷ್ಟು ಆಗಲೇ ಮನೆ ಮಾಡಿದೆ. ನೀವು ಬಿಸಿ ನೀರಿನಲ್ಲಿ ಎಷ್ಟು ಅದ್ದಿದರೂ ಒಳ್ಳೆಯ ಅಂಶವನ್ನು ಅದು ಮೊದಲೇ ತಿಂದು ಮುಗಿಸಿರುತ್ತದೆ.

ಆಂಧ್ರದ ಕರಾವಳಿಯಲ್ಲಿ ಇದು ಸಣ್ಣ ವಿಷಯವಲ್ಲ. ಮುಂಗಾರಿನ ಭತ್ತ ಕೊಯ್ಲಿಗೆ ಬರುವುದು ನವೆಂಬರ್–ಡಿಸೆಂಬರಿನಲ್ಲಿ. ಬಂಗಾಳ ಕೊಲ್ಲಿಯ ಚಂಡಮಾರುತಗಳ ಕಾಲವೂ ಅದೇ. 2014ರ ಅಕ್ಟೋಬರ್ 12ರಂದು ವಿಶಾಖಪಟ್ಟಣವನ್ನು ಹಣ್ಣುಗಾಯಿ ಮಾಡಿದ ಹುದ್‌ಹುದ್ ಚಂಡಮಾರುತವನ್ನು ಆ ಊರಿನವರು ಮರೆತಿಲ್ಲ. ಅಂಥದ್ದೇನೂ ಅಪ್ಪಳಿಸದಿದ್ದರೂ, ಕೊಯ್ದು ಗದ್ದೆಯಲ್ಲಿ ಹರವಿದ ಹುಲ್ಲಿನ ಮೇಲೆ ಎರಡು ದಿನ ಮಳೆ ಹೊಯ್ದರೆ ಸಾಕು, ಅದು ದನಕ್ಕಾದೀತು, ಅಣಬೆಗಾಗದು. ಆದ್ದರಿಂದ ಹುಲ್ಲು ಕೊಳ್ಳುವಾಗ ಕೇಳಬೇಕಾದ ಮೊದಲ ಮಾತು: ಮಳೆಗೆ ಸಿಕ್ಕಿತ್ತೇ? ಎರಡನೆಯದು: ಕೊನೆಯ ಬಾರಿ ಯಾವಾಗ ಔಷಧಿ ಹೊಡೆದಿರಿ? ಬೆಂಕಿರೋಗ, ಎಲೆಕವಚ ರೋಗ ಎಂದು ಭತ್ತಕ್ಕೆ ಹೊಡೆಯುವುದು ಶಿಲೀಂಧ್ರನಾಶಕ. ಅಣಬೆಯೂ ಶಿಲೀಂಧ್ರವೇ. ತೆನೆ ಬಲಿಯುವ ಹೊತ್ತಿನಲ್ಲಿ ಹೊಡೆದಿದ್ದರೆ ಆ ಹುಲ್ಲು ಬಿಡಿ. ಬೆಳೆ ಬರದಿದ್ದರೆ ಹೋಗಲಿ, ಬಂದರೆ ತಿನ್ನುವವರು ನಾವು.

ಭೀಮಿಲಿಯ ಒಳನಾಡಿನ ಹಳ್ಳಿಗಳಲ್ಲಿ ‘ವರಿಗಡ್ಡಿ’ ಎಂದು ಕೇಳಿದರೆ ಬಣವೆಯಿಂದ ಎಳೆದು ಕೊಡುತ್ತಾರೆ. ವಿಜಯವಾಡದ ಕಡೆ, ಕೃಷ್ಣಾ ಮುಖಜ ಭೂಮಿಯಲ್ಲಿ, ಯಂತ್ರ ಸುತ್ತಿದ ಉರುಳೆಗಳು ಸಿಗುತ್ತವೆ. ಅಗ್ಗ ನಿಜ, ಆದರೆ ಉರುಳೆ ಬಿಚ್ಚಿ ನಡುಭಾಗ ನೋಡದೆ ದುಡ್ಡು ಕೊಡಬೇಡಿ. ತೇವ ಇರುವಾಗಲೇ ಸುತ್ತಿದ್ದರೆ ಹೊರಗೆ ಹೊಂಬಣ್ಣ, ಒಳಗೆ ಬೂಷ್ಟು. ಒಂದು ವರ್ಷಕ್ಕಿಂತ ಹಳೆಯ ಹುಲ್ಲೂ ಬೇಡ.

ಭತ್ತವೇ ಆಗಬೇಕೆಂದೇನೂ ಇಲ್ಲ. ನಮ್ಮ ಬಯಲುಸೀಮೆಯ ರಾಗಿ ಹುಲ್ಲು ಒಳ್ಳೆಯದು. ಜೋಳದ ದಂಟು ಕತ್ತರಿಸುವುದು ಕಷ್ಟ, ಬಂದರೆ ಚೆನ್ನಾಗಿ ಬರುತ್ತದೆ. ಕಾಸರಗೋಡಿನ ಕೇಂದ್ರ ತೋಟದ ಬೆಳೆಗಳ ಸಂಶೋಧನಾಲಯ ಅಡಿಕೆ, ತೆಂಗಿನ ತೋಟದ ಉಳಿಕೆಗಳ ಮೇಲೆ ಚಿಪ್ಪಣಬೆ ಬೆಳೆಸುವ ಕ್ರಮ ರೂಪಿಸಿದೆ. ದಕ್ಷಿಣ ಕನ್ನಡದವರು ಅಡಿಕೆ ಹಾಳೆಯನ್ನು ಕತ್ತರಿಸಿ ಹುಲ್ಲಿನಂತೆಯೇ ಬಳಸಬಹುದು. ವಿಶಾಖಪಟ್ಟಣದ ಪಶ್ಚಿಮಕ್ಕಿರುವ ಅನಕಾಪಲ್ಲಿ ಬೆಲ್ಲದ ಪೇಟೆಗೆ ಹೆಸರಾದ ಊರು. ಅಲ್ಲಿನ ಆಲೆಮನೆಗಳ ಕಬ್ಬಿನ ಸಿಪ್ಪೆ ಕಣ್ಣಿಗೆ ಹಬ್ಬ. ಆದರೆ ಹಸಿ ಸಿಪ್ಪೆಯಲ್ಲಿ ಉಳಿದ ಸಿಹಿಗೆ ಅಣಬೆಗಿಂತ ಮೊದಲು ಬೂಷ್ಟು, ಹುಳಿ ಎರಡೂ ಬರುತ್ತವೆ. ಚೆನ್ನಾಗಿ ತೊಳೆದು ಒಣಗಿಸಿದ ಹಳೆಯ ಸಿಪ್ಪೆಯನ್ನು ಹುಲ್ಲಿನ ಜೊತೆ ಬೆರೆಸಿ, ಅದೂ ಎರಡನೆಯ ವರ್ಷ. ತೆಂಗಿನ ನಾರಿನ ಪುಡಿ ಒಂದೇ ಹಾಕಿದರೆ ಗಾಳಿ ಆಡುವುದಿಲ್ಲ. ಉಪ್ಪುನೀರಿನಲ್ಲಿ ನೆನೆಹಾಕಿದ ನಾರಿನದಾದರೆ ಉಪ್ಪೂ ಬರುತ್ತದೆ. ಮರದ ಹೊಟ್ಟಿನಲ್ಲಿ ಮಾವಿನದು ಸರಿ, ತೇಗದ್ದೂ ಬೇವಿನದೂ ಬೇಡ. ಆ ಮರಗಳು ಶಿಲೀಂಧ್ರ ತಡೆಯುವ ಗುಣದಿಂದಲೇ ಬಾಳಿಕೆ ಬರುವಂಥವು.

ಇನ್ನು ತೌಡು. ಹುಲ್ಲಿಗೆ ತೌಡು ಬೆರೆಸಿದರೆ ಇಳುವರಿ ಹೆಚ್ಚುತ್ತದೆ ಎಂದು ಓದಿರುತ್ತೀರಿ, ಸುಳ್ಳಲ್ಲ. ಒಣಹುಲ್ಲಿನಲ್ಲಿ ಸಾರಜನಕ ನೂರಕ್ಕೆ ಒಂದು ಪಾಲೂ ಇಲ್ಲ. ಚಿಪ್ಪಣಬೆ ಅಷ್ಟರಲ್ಲೇ ಬದುಕಬಲ್ಲದು, ಬೇರೆ ಬೂಷ್ಟುಗಳು ಸೊರಗುತ್ತವೆ. ನಮಗೆ ಪುಕ್ಕಟೆ ಸಿಕ್ಕಿರುವ ಕಾವಲು ಇದು. ತೌಡು ಹಾಕಿದ ಕೂಡಲೇ ಆ ಕಾವಲು ಮುರಿಯುತ್ತದೆ. ಆಮೇಲೆ ಬಿಸಿನೀರು ಸಾಲದು, ಒತ್ತಡದ ಹಬೆಯಲ್ಲಿ 121 ಡಿಗ್ರಿಗೆ ಬೇಯಿಸಿ ಪೂರ್ತಿ ನಿರ್ಜೀವ ಮಾಡಬೇಕು. ಹೊಸಬರು ತೌಡಿನ ಆಸೆ ಬಿಡಿ.

ಎರಡು ಕಿಲೋ ಹುಲ್ಲಿನ ಲೆಕ್ಕ

ಮೊದಲ ಬಾರಿಗೆ 2 ಕೆ.ಜಿ. ಒಣಹುಲ್ಲು ಧಾರಾಳ. ಇದಕ್ಕೆ 200ರಿಂದ 250 ಗ್ರಾಂ ಬೀಜ ಬೇಕು. ಮೂರು ಚೀಲ ತುಂಬುತ್ತದೆ. ಎಲ್ಲ ಸರಿಹೋದರೆ ಎರಡು-ಮೂರು ಕೊಯ್ಲು ಸೇರಿ 1ರಿಂದ 2 ಕೆ.ಜಿ. ಅಣಬೆ.

ಹುಲ್ಲನ್ನು 3ರಿಂದ 5 ಸೆಂಟಿಮೀಟರ್ ತುಂಡು ಮಾಡಿ. ಬೆರಳಿನ ಎರಡು ಗೆಣ್ಣಿನಷ್ಟು ಉದ್ದ ಎಂದಿಟ್ಟುಕೊಳ್ಳಿ. ಹುಲ್ಲು ಕತ್ತರಿಸುವ ಯಂತ್ರವಿಲ್ಲದಿದ್ದರೆ ಮಚ್ಚು, ಮರದ ದಿಮ್ಮಿ ಸಾಕು. ಉದ್ದ ಬಿಟ್ಟರೆ ಚೀಲದಲ್ಲಿ ಸಡಿಲವಾಗಿ ಕೂತು ನಡುನಡುವೆ ಪೊಳ್ಳು ಉಳಿಯುತ್ತದೆ. ತೀರಾ ಪುಡಿಯಾದರೆ ಒತ್ತೊತ್ತಾಗಿ ಉಸಿರು ಕಟ್ಟುತ್ತದೆ.

ಕತ್ತರಿಸಿದ್ದನ್ನು ಗೋಣಿಚೀಲಕ್ಕೆ ತುಂಬಿ ಬಾಯಿ ಕಟ್ಟಿ, ಡ್ರಮ್ಮಿನಲ್ಲಿ 20–25 ಲೀಟರ್ ನೀರಿಗೆ ಹಾಕಿ, ಮೇಲೊಂದು ಕಲ್ಲು ಹೇರಿ. ಹುಲ್ಲು ತೇಲುವ ಜಾತಿ, ಕಲ್ಲಿಲ್ಲದೆ ಮೇಲಿನ ಅರ್ಧ ಒಣಗಿಯೇ ಇರುತ್ತದೆ. ಬೆಳಗ್ಗೆ ಹಾಕಿದರೆ ಸಂಜೆ ತೆಗೆಯಿರಿ, 8ರಿಂದ 12 ಗಂಟೆ. ಇದಕ್ಕಿಂತ ಹೆಚ್ಚು ಬಿಟ್ಟರೆ, ಕರಾವಳಿಯ ಸೆಕೆಯಲ್ಲಿ, ನೀರು ಹುಳಿಯಲು ತೊಡಗುತ್ತದೆ. ಕಡಲಬದಿಯ ಬಾವಿಯ ನೀರು ಉಪ್ಪಾಗಿದ್ದರೆ ಅದನ್ನು ಬಳಸದೆ ಕುಡಿಯುವ ನೀರನ್ನೇ ಹಾಕಿ.

ಬಿಸಿಯ ವಿಷಯ

ಇಲ್ಲಿ ಸ್ವಲ್ಪ ನಿಲ್ಲಬೇಕು. ಹುಲ್ಲನ್ನು ಕುದಿಸುವುದು ನಮ್ಮ ಉದ್ದೇಶವಲ್ಲ. ಹುಲ್ಲಿನ ಮೇಲೆ ಸಾವಿರಾರು ಬಗೆಯ ಸೂಕ್ಷ್ಮಜೀವಿಗಳಿವೆ. 65ರಿಂದ 75 ಡಿಗ್ರಿ ಬಿಸಿಯಲ್ಲಿ ಒಂದು ಗಂಟೆ ಇಟ್ಟರೆ ಅಣಬೆಗೆ ಪೈಪೋಟಿ ಕೊಡುವ ಬೂಷ್ಟುಗಳು ಬಹುಪಾಲು ಸಾಯುತ್ತವೆ. ಬಿಸಿ ತಾಳುವ ಕೆಲವು ಬ್ಯಾಕ್ಟೀರಿಯಾಗಳು ಮಾತ್ರ ಉಳಿದುಕೊಂಡು, ಹುಲ್ಲನ್ನು ಹೊಸ ಬೂಷ್ಟಿನಿಂದ ಒಂದಿಷ್ಟು ಕಾಲ ಕಾಯುತ್ತವೆ. ಕೊತಕೊತ ಕುದಿಸಿದಿರೋ ಅವೂ ಹೋದವು. ಹುಲ್ಲು ಮೆತ್ತಗಾಗಿ ಸಾರ ನೀರಿಗಿಳಿಯುತ್ತದೆ, ಗಾಳಿಯಲ್ಲಿ ಮೊದಲು ಬಂದವನದೇ ರಾಜ್ಯ. ಮಾಡಿದ್ದು ಹೆಚ್ಚಾದರೆ ಫಲ ಕಡಿಮೆಯಾಗುವ ಕೆಲಸ ಇದು. ನಮ್ಮ ಹೆಂಗಸರಿಗೆ ಇದನ್ನು ವಿವರಿಸಬೇಕಾಗಿಯೇ ಇಲ್ಲ. ಸುಡುವ ಹಾಲಿಗೆ ಹೆಪ್ಪು ಹಾಕಿದರೆ ಏನಾಗುತ್ತದೆಂದು ಅವರಿಗೆ ಗೊತ್ತು.

ದೊಡ್ಡ ಅಲ್ಯೂಮಿನಿಯಂ ಪಾತ್ರೆ ಅಥವಾ ಸ್ಟೀಲಿನ ಹಂಡೆಯಲ್ಲಿ ನೀರನ್ನು 80 ಡಿಗ್ರಿಗೆ ಏರಿಸಿ, ನೆನೆದು ಸೋರಿದ ಚೀಲವನ್ನು ಇಳಿಬಿಡಿ. ತಣ್ಣನೆಯ ಹುಲ್ಲು ಬಿದ್ದಕೂಡಲೇ ನೀರಿನ ಬಿಸಿ ಇಳಿಯುತ್ತದೆ. ಮತ್ತೆ 70ಕ್ಕೆ ಬಂದ ಮೇಲೆ ಗಡಿಯಾರ ನೋಡಲು ಶುರು ಮಾಡಿ. ಸಣ್ಣ ಉರಿಯಲ್ಲಿ ಒಂದು ಗಂಟೆ ಅದೇ ಬಿಸಿ ಇರಬೇಕು. ಚೀಲದ ನಡುವಿನ ಹುಲ್ಲಿಗೆ ಬಿಸಿ ತಲುಪುವುದು ನಿಧಾನ, ಒಮ್ಮೆ ಕೋಲಿನಿಂದ ಮಗುಚಿ. ಥರ್ಮಾಮೀಟರ್ ಕೊಳ್ಳಿ ಎಂದು ಕೈಮುಗಿದು ಹೇಳುತ್ತೇನೆ. ಅಣಬೆಗಾಗಿ ಕೊಳ್ಳಲೇಬೇಕಾದ ಉಪಕರಣ ಅದೊಂದೇ. ಸಿಗುವವರೆಗೆ, ತಳದಲ್ಲಿ ಸಣ್ಣ ಗುಳ್ಳೆ ಮೂಡಿ ಹಬೆ ಏಳುತ್ತಿದ್ದು ಇನ್ನೂ ಕುದಿ ಬಾರದ ಹಂತವನ್ನು ಗುರುತಾಗಿ ಇಟ್ಟುಕೊಳ್ಳಬಹುದು.

ಸೌದೆ, ಗ್ಯಾಸು ಖರ್ಚು ಮಾಡಲಾರದವರಿಗೆ ಸುಣ್ಣದ ದಾರಿಯಿದೆ. ಅರಳಿಸಿದ ಸುಣ್ಣವನ್ನು ಲೀಟರಿಗೆ 2ರಿಂದ 3 ಗ್ರಾಂನಂತೆ ನೀರಿಗೆ ಕದಡಿ, ಒಣಹುಲ್ಲನ್ನೇ ಅದರಲ್ಲಿ 12ರಿಂದ 18 ಗಂಟೆ ಮುಳುಗಿಸಿಡುವುದು. ನೀರಿನ ಕ್ಷಾರಮಟ್ಟ (pH) ಹನ್ನೆರಡರ ಸುತ್ತ ಏರುತ್ತದೆ. ಅದನ್ನು ತಾಳಲಾರದ ಬೂಷ್ಟುಗಳು ಸಾಯುತ್ತವೆ. ಚಿಪ್ಪಣಬೆ ಸ್ವಲ್ಪ ಕ್ಷಾರವನ್ನು ಸಹಿಸಿಕೊಳ್ಳುತ್ತದೆ. ಕರಾವಳಿಯಲ್ಲಿ ಸಿಗುವ ಚಿಪ್ಪಿನ ಸುಣ್ಣ ಇದಕ್ಕೆ ಒಪ್ಪುತ್ತದೆ, ಬಣ್ಣ-ಅಂಟು ಬೆರೆಸಿದ ಗೋಡೆಯ ಸುಣ್ಣ ಬೇಡ. ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ ಕಡ್ಡಾಯ, ಮಕ್ಕಳು ಹತ್ತಿರ ಇರಕೂಡದು. ಪಾತ್ರೆ ಪ್ಲಾಸ್ಟಿಕ್ಕಿನದೇ ಆಗಬೇಕು, ಸುಣ್ಣ ಅಲ್ಯೂಮಿನಿಯಮ್ಮನ್ನು ತಿನ್ನುತ್ತದೆ. ಮಲೆನಾಡು, ಕರಾವಳಿಯ ಅಡಿಕೆ ಬೆಳೆಗಾರರಿಗೆ ಇನ್ನೊಂದು ಮಾತು: ಬೋರ್ಡೋ ದ್ರಾವಣ ಕಲಸಿದ ಡ್ರಮ್ಮನ್ನು ಅಣಬೆಯ ಹುಲ್ಲಿಗೆ ಮುಟ್ಟಿಸಬೇಡಿ. ಕೊಳೆರೋಗವನ್ನು ಓಡಿಸುವ, ಅದರಲ್ಲಿನ ಮೈಲುತುತ್ತ ಅಣಬೆಯನ್ನೂ ಓಡಿಸುತ್ತದೆ.

ತರಬೇತಿ ಪುಸ್ತಿಕೆಗಳಲ್ಲಿ ಮೂರನೆಯ ಕ್ರಮವೊಂದಿದೆ. 100 ಲೀಟರ್ ನೀರಿಗೆ 125 ಮಿ.ಲೀ. ಫಾರ್ಮಲಿನ್, 7.5 ಗ್ರಾಂ ಕಾರ್ಬೆಂಡಜಿಮ್ ಬೆರೆಸಿ ಹುಲ್ಲು ನೆನೆಸುವುದು. ದೊಡ್ಡ ಘಟಕಗಳಲ್ಲಿ ಬಳಕೆಯಲ್ಲಿದೆ, ಕೆಲಸವನ್ನೂ ಮಾಡುತ್ತದೆ. ಮನೆಯ ಹಿತ್ತಿಲಲ್ಲಿ ಮೂರು ಚೀಲಕ್ಕಾಗಿ ಕಣ್ಣು-ಮೂಗು ಉರಿಸುವ ಫಾರ್ಮಲಿನ್ ಬಾಟಲಿ ತರುವುದು, ಆ ನೀರನ್ನು ಆಮೇಲೆ ಎಲ್ಲಿಗೆ ಚೆಲ್ಲುವುದು ಎಂದು ಯೋಚಿಸುವುದು ನನಗೆ ಒಗ್ಗದ ಮಾತು.

ನೀರು ಎಷ್ಟಿರಬೇಕು?

ಬಿಸಿಯಿಂದ ತೆಗೆದ ಹುಲ್ಲನ್ನು ಚೀಲ ಸಮೇತ ನೇತುಹಾಕಿ ಸೋರಲು ಬಿಡಿ. ಹನಿ ನಿಂತ ಮೇಲೆ, ಡೆಟ್ಟಾಲ್ ನೀರಿನಲ್ಲಿ ಒರೆಸಿದ ಪ್ಲಾಸ್ಟಿಕ್ ಹಾಳೆಯ ಮೇಲೆ ಹರವಿ. ಜಾಗ ನೆರಳಾಗಿರಲಿ. ಸಗಣಿ ಸಾರಿಸಿದ ಅಂಗಳ ಬೇಡ.

ಹದ ನೋಡುವ ಹಳೆಯ ಉಪಾಯ ಎಲ್ಲರಿಗೂ ಗೊತ್ತು. ಒಂದು ಹಿಡಿ ಹುಲ್ಲನ್ನು ಬಲವಾಗಿ ಹಿಂಡಿದರೆ ಬೆರಳ ಸಂದಿನಲ್ಲಿ ಒಂದೆರಡು ಹನಿ ಕಾಣಬೇಕು, ಧಾರೆ ಇಳಿಯಬಾರದು. ಆದರೆ ಒಬ್ಬರ ‘ಬಲವಾಗಿ’ ಇನ್ನೊಬ್ಬರದ್ದಲ್ಲ. ಹೊಸಬರಿಗೆ ತಕ್ಕಡಿಯೇ ನಂಬಿಕಸ್ಥ. ಒಣಹುಲ್ಲೆಂದು ನಾವು ತೂಗುವ 2 ಕಿಲೋದಲ್ಲೂ ನೂರಕ್ಕೆ ಹತ್ತು-ಹನ್ನೆರಡು ಪಾಲು ತೇವ ಇರುತ್ತದೆ. ಹುಲ್ಲಿನ ತಿರುಳು ಸುಮಾರು 1.8 ಕಿಲೋ. ತೇವಾಂಶ ನೂರಕ್ಕೆ 65 ಆಗಬೇಕಾದರೆ ಒಟ್ಟು ತೂಕ 5 ಕಿಲೋಗೆ ಚೂರು ಮೇಲೆ ಬರಬೇಕು. 6 ಕಿಲೋ ತೂಗಿದರೆ ತೇವ 70 ಎಂದರ್ಥ, ಅದೇ ಕೊನೆಯ ಗಡಿ. 7 ಕಿಲೋ ತೂಗಿದರೆ ಬೀಜ ಹಾಕುವ ಮಾತೇ ಬೇಡ, ಇನ್ನೂ ಒಂದು ಗಂಟೆ ಹರವಿಡಿ. ಹೆಚ್ಚಿನ ನೀರು ಚೀಲದ ತಳಕ್ಕಿಳಿದು, ಗಾಳಿಯಿಲ್ಲದ ಆ ಕೊಳೆಯಲ್ಲಿ ಬ್ಯಾಕ್ಟೀರಿಯಾ ಬೆಳೆದು ನಾಲ್ಕೇ ದಿನಕ್ಕೆ ಹುಳಿ ನಾತ ಬರುತ್ತದೆ. ಕರಾವಳಿಯ ಮನೆಗಳಲ್ಲಿ ಈ ತಪ್ಪು ಜಾಸ್ತಿ. ಗಾಳಿಯಲ್ಲೇ ತೇವ ತುಂಬಿರುವುದರಿಂದ ಹರವಿದ ಹುಲ್ಲು ಬೇಗ ಆರುವುದಿಲ್ಲ, ಕಾಯುವ ತಾಳ್ಮೆ ನಮಗಿರುವುದಿಲ್ಲ. ವಿಜಯವಾಡದ ಒಣ ಬಿಸಿಲಲ್ಲಿ ಇದರ ತಿರುಗುಮುರುಗು: ಅರ್ಧ ಗಂಟೆ ಮರೆತರೆ ಹುಲ್ಲು ಗರಿಗರಿ.

ಬೀಜ ಬೆರೆಸುವ ಮುನ್ನ ಹುಲ್ಲು ಪೂರ್ತಿ ತಣ್ಣಗಾಗಿರಬೇಕು. ಮುಂಗೈ ಒಳಗಿಟ್ಟರೆ ಬೆಚ್ಚಗೆನಿಸಬಾರದು.

ಚೀಲ ತುಂಬುವುದು

ಭೀಮಿಲಿಯಲ್ಲಿ ಹೊತ್ತೇರಿದ ಮೇಲೆ ಕಡಲಗಾಳಿ ಬೀಸತೊಡಗುತ್ತದೆ. ಅದು ಧೂಳನ್ನೂ ಬೂಷ್ಟಿನ ಕಣಗಳನ್ನೂ ಹೊತ್ತು ತರುತ್ತದೆ. ಆದ್ದರಿಂದ ಹಿಂದಿನ ಸಂಜೆ ಹುಲ್ಲು ಬಿಸಿ ಮಾಡಿ ರಾತ್ರಿ ಸೋರಲು ಬಿಟ್ಟು, ಬೆಳಗ್ಗೆ ಗಾಳಿ ಏಳುವ ಮುಂಚೆ ಚೀಲ ತುಂಬುವುದು ಅನುಕೂಲ. ಕಿಟಕಿ ಮುಚ್ಚಿ, ಫ್ಯಾನ್ ಆರಿಸಿ. ಕೈ ಸೋಪಿನಲ್ಲಿ ತೊಳೆದು ಸ್ಪಿರಿಟ್ ಹಚ್ಚಿಕೊಳ್ಳಿ.

ಬೀಜವೆಂದರೆ ಜೋಳ ಅಥವಾ ಗೋಧಿಯ ಕಾಳಿನ ಮೇಲೆ ಬೆಳೆಸಿದ ಅಣಬೆಯ ಬಿಳಿ ಎಳೆ. ಕಾಳು ಕಾಳು ಬಿಳಿಯಾಗಿ ಹತ್ತಿ ಸುತ್ತಿದ ಹಾಗಿದ್ದರೆ ಸರಿ. ಹಸಿರೋ ಕಪ್ಪೋ ಚುಕ್ಕೆ ಕಂಡರೆ ವಾಪಸ್ ಕೊಡಿ. ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅಣಬೆ ಪ್ರಯೋಗಾಲಯ ಬೀಜ, ತರಬೇತಿ ಎರಡಕ್ಕೂ ಹೆಸರಾದದ್ದು. ಆಂಧ್ರದಲ್ಲಿರುವವರು ಹತ್ತಿರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ ಸ್ಥಳೀಯವಾಗಿಯೇ ಕೊಳ್ಳುವುದು ಮೇಲು. ಸೆಕೆಯಲ್ಲಿ ಮೂರು ದಿನ ಲಾರಿಯಲ್ಲಿ ಬೆಂದ ಬೀಜ ಯಾವ ಸಂಸ್ಥೆಯದಾದರೂ ಅಷ್ಟೆ.

ಪಾಲಿಪ್ರೊಪಿಲಿನ್ ಚೀಲದ ತಳವನ್ನು ದಾರದಿಂದ ಕಟ್ಟಿ. ನಾಲ್ಕು ಬೆರಳಷ್ಟು ಹುಲ್ಲು ಹಾಕಿ ಅಂಗೈಯಿಂದ ಒತ್ತಿ, ಅಂಚಿನಗುಂಟ ಬೀಜ ಉದುರಿಸಿ, ಮತ್ತೆ ಹುಲ್ಲು, ಮತ್ತೆ ಬೀಜ. ನಾಲ್ಕೈದು ಪದರ. ಮೇಲಿನ ಪದರಕ್ಕೆ ಸ್ವಲ್ಪ ಹೆಚ್ಚು ಬೀಜ ಚೆಲ್ಲಿ ಬಾಯಿ ಬಿಗಿದು, ಸುತ್ತಲೂ ಎಂಟು-ಹತ್ತು ತೂತು ಚುಚ್ಚಿ. ಒಂದೊಂದು ಚೀಲ ಎರಡು ಕಿಲೋ ಒಳಗಿರಲಿ. ಅಂಗಡಿಯ ಬೆಡ್ಡುಗಳು ದೊಡ್ಡದಿರುತ್ತವೆಂದು ನಾವೂ ದೊಡ್ಡದು ಮಾಡಿದರೆ, ಬೇಸಿಗೆಯಲ್ಲಿ ಅದರ ನಡುಭಾಗ ತನ್ನ ಕಾವಿಗೇ ಬೇಯುತ್ತದೆ. ಬೆಳೆಯುವ ಅಣಬೆಯೂ ಬಿಸಿ ಹೊರಹಾಕುತ್ತದೆ, ಹೊರಗೆ 30 ಡಿಗ್ರಿ ಇದ್ದರೆ ಒಳಗೆ ಇನ್ನಷ್ಟು ಏರುತ್ತದೆ.

ಮುಂದಿನ 15–20 ದಿನ ಕತ್ತಲಿರುವ ಮೂಲೆಯಲ್ಲಿ, ಒಂದಕ್ಕೊಂದು ತಾಗದಂತೆ ಚೀಲಗಳನ್ನು ಇಡಿ. ತಾರಸಿಯ ಕೆಳಗಿನ ಕೋಣೆಗಿಂತ ನೆಲಮಾಳಿಗೆಯೋ ಹೆಂಚಿನ ಮನೆಯ ಕೊಟ್ಟಿಗೆಯೋ ತಂಪು. ನೀರು ಹಾಕುವ ಕೆಲಸ ಈಗಿಲ್ಲ. ಹುಲ್ಲು ನಡುನಡುವೆ ಬಿಳಿಯಾಗುತ್ತ ಹೋಗಿ ಕೊನೆಗೆ ಇಡೀ ಚೀಲ ಗಟ್ಟಿ ಬಿಳಿ ಮುದ್ದೆಯಾಗುತ್ತದೆ.

ಕೆಟ್ಟದ್ದನ್ನು ಓದುವುದು

ಹಸಿರು ಬೂಷ್ಟು ಬಂದರೆ ಅದು ಬಹುಪಾಲು ಟ್ರೈಕೋಡರ್ಮಾ. ಶುಂಠಿ, ಮೆಣಸು, ಅಡಿಕೆಗೆ ಇದನ್ನೇ ಸಗಣಿ ಗೊಬ್ಬರದಲ್ಲಿ ಬೆಳೆಸಿ ಬುಡಕ್ಕೆ ಹಾಕುವ ರೈತರು ನಮ್ಮಲ್ಲಿ ಸಾವಿರಾರು. ತೋಟದಲ್ಲಿ ಮಿತ್ರ, ಅಣಬೆ ಕೋಣೆಯಲ್ಲಿ ಶತ್ರು. ಬೇರೆ ಶಿಲೀಂಧ್ರವನ್ನು ತಿನ್ನುವುದೇ ಅದರ ಕಸುಬು. ಟ್ರೈಕೋಡರ್ಮಾ ಮುಟ್ಟಿದ ಕೈ, ಬಟ್ಟೆ, ಬಕೆಟ್ಟಿನಲ್ಲಿ ಹುಲ್ಲಿನ ಕೆಲಸಕ್ಕೆ ಬರಬೇಡಿ. ಹಸಿರು ಬೂಷ್ಟು ಬೀಜದ ಸುತ್ತ ಶುರುವಾದರೆ ಬೀಜವೇ ಕೆಟ್ಟದ್ದು, ಹುಲ್ಲಿನ ನಡುವೆ ಕಂಡರೆ ಬಿಸಿ ಸಾಲದ್ದು, ತೂತುಗಳ ಬಳಿ ಕಂಡರೆ ಗಾಳಿಯಿಂದ ಬಂದದ್ದು ಎಂದು ಅಂದಾಜಿಸಬಹುದು. ಚಿಕ್ಕ ಚುಕ್ಕೆಯಾದರೆ ಆ ಚೀಲವನ್ನು ಬೇರೆ ಇಟ್ಟು ನೋಡಿ. ಹರಡಿದ್ದರೆ ಕೋಣೆಯಲ್ಲಿ ಬಿಚ್ಚಬೇಡಿ, ಹೊರಗೊಯ್ದು ಹೂಳಿ.

ತೆಳ್ಳಗೆ ಉದ್ದ ಕಾಂಡದ, ಮಾರನೆಯ ದಿನಕ್ಕೆ ಶಾಯಿಯಂತೆ ಕರಗುವ ಕಪ್ಪು ಕೊಡೆಗಳು ಎದ್ದರೆ ಬಿಸಿ ಸಾಲದು, ನೀರು ಜಾಸ್ತಿ ಎಂದು ಹುಲ್ಲು ಹೇಳುತ್ತಿದೆ. ಕಿತ್ತೆಸೆಯಿರಿ, ತಿನ್ನಬೇಡಿ. ನಾವು ಹಾಕಿದ ಬೀಜದ ಅಣಬೆ ಯಾವುದೆಂದು ಮೊದಲೇ ಚಿತ್ರ ನೋಡಿಟ್ಟುಕೊಂಡು, ಅದೊಂದನ್ನು ಬಿಟ್ಟು ಬೆಡ್ಡಿನಲ್ಲಿ ಬೇರೇನೇ ಬಂದರೂ ಅಡುಗೆಮನೆಗೆ ತರಬಾರದು. ಮಳೆಗಾಲದಲ್ಲಿ ಗುಡ್ಡದಿಂದ ಅಣಬೆ ಆರಿಸಿ ತಿಂದು ಬೆಳೆದವರು ಈ ಮಾತಿಗೆ ನಗಬಹುದು. ನಗಲಿ.

ಬಿಳಿಯಾದ ಮೇಲೆ

ಚಿಪ್ಪಣಬೆಗಾದರೆ ಚೀಲವನ್ನು ಬ್ಲೇಡಿನಿಂದ ಅಲ್ಲಲ್ಲಿ ಸೀಳಿ, ಓದುವಷ್ಟು ಬೆಳಕು ಮತ್ತು ಗಾಳಿಯಾಡುವ ಜಾಗಕ್ಕೆ ತನ್ನಿ. ಸುತ್ತ ಒದ್ದೆ ಗೋಣಿ ಕಟ್ಟಿ ದಿನಕ್ಕೆ ಎರಡು-ಮೂರು ಬಾರಿ ಚಿಮುಕಿಸಿ. ಭೀಮಿಲಿಯ ತೇವದ ಗಾಳಿಯಲ್ಲಿ ಅಷ್ಟು ಸಾಕು, ವಿಜಯವಾಡದಲ್ಲಿ ನೆಲಕ್ಕೆ ಮರಳು ಹಾಸಿ ಅದನ್ನೂ ನೆನೆಸಬೇಕು. ನಾಲ್ಕೈದು ದಿನಕ್ಕೆ ಮೊಗ್ಗು, ಮತ್ತೆ ಮೂರು ದಿನಕ್ಕೆ ಕೊಯ್ಲು. ಅಂಚು ಮೇಲಕ್ಕೆ ಮಡಚುವ ಮುನ್ನ ಕೀಳಿ. ತಡವಾದರೆ ಬಿಳಿ ಪುಡಿ ಉದುರುತ್ತದೆ, ಉಬ್ಬಸ ಇರುವವರಿಗೆ ಅದು ಆಗದು.

ಹಾಲು ಅಣಬೆಗೆ ಇನ್ನೊಂದು ಮಜಲಿದೆ. ಬಿಳಿಯಾದ ಚೀಲವನ್ನು ಅಡ್ಡಕ್ಕೆ ಎರಡಾಗಿ ಕತ್ತರಿಸಿ, ಕೊಯ್ದ ಮೈಯ ಮೇಲೆ ಎರಡು ಸೆಂಟಿಮೀಟರ್ ಮಣ್ಣು ಹೊದಿಸಬೇಕು. ತೋಟದ ಮಣ್ಣು, ಮರಳು ಸಮಪಾಲು, ಒಂದು ಹಿಡಿ ಸೀಮೆಸುಣ್ಣದ ಪುಡಿ. ಈ ಮಣ್ಣನ್ನೂ ಒಂದು ಗಂಟೆ ಹಬೆಯಲ್ಲಿ ಇಟ್ಟು ತಣಿಸಿ ಬಳಸಿ, ಇಡ್ಲಿ ಪಾತ್ರೆಯಲ್ಲೂ ಆಗುತ್ತದೆ. ಸಮುದ್ರದ ಮರಳು ಮಾತ್ರ ತರಬೇಡಿ. ಮಣ್ಣು ಹೊದಿಸಿ ಎಂಟು-ಹತ್ತು ದಿನಕ್ಕೆ ಮೊಗ್ಗು ಏಳುತ್ತದೆ.

ಮೂರನೆಯ ಕೊಯ್ಲಿನ ಹೊತ್ತಿಗೆ ಹುಲ್ಲು ಹಗುರಾಗಿ ಕಂದುಬಣ್ಣಕ್ಕೆ ತಿರುಗಿರುತ್ತದೆ. ನಾಲ್ಕನೆಯದಕ್ಕೆ ಕಾಯುತ್ತ ಅದನ್ನು ಕೋಣೆಯಲ್ಲೇ ಇಟ್ಟರೆ ಸಣ್ಣ ನೊಣ ಬಂದು ಹೊಸ ಚೀಲಗಳಿಗೂ ಹತ್ತುತ್ತದೆ. ಬಿಡಿಸಿ ಎರೆಗೊಬ್ಬರದ ಗುಂಡಿಗೋ ತೆಂಗಿನ ಬುಡಕ್ಕೋ ಹಾಕಿ. ಹೊಸ ಹುಲ್ಲು ನೆನೆಸುವ ಜಾಗದಿಂದ ಅದು ದೂರವಿರಲಿ. ಮುಂದಿನ ಬೇಸಿಗೆಯ ಹಾಲು ಅಣಬೆಗೆ ಬೇಕಾದ ಒಣಹುಲ್ಲನ್ನು ಜನವರಿಯಲ್ಲೇ ಕೊಂಡು, ನೆಲಕ್ಕೆ ತಾಗದಂತೆ ಅಟ್ಟದ ಮೇಲೆ ಪೇರಿಸಿಬಿಡಿ. ಮೇ ತಿಂಗಳಲ್ಲಿ ಹುಡುಕಲು ಹೊರಟರೆ ಸಿಗುವುದು ದನ ಬಿಟ್ಟ ಹುಲ್ಲು.